ಪೊಟ್ಟಣದ ಪುಡಿ, ಒಂದು ಲೀಟರ್ ನೀರು

ಬೇಸಿಗೆ ಕಾಲಿಟ್ಟೊಡನೆ ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆಯ ಸುತ್ತಲಿನ ಔಷಧದ ಅಂಗಡಿಗಳಲ್ಲಿ ಕೈಯಿಂದ ಕೈಗೆ ಹೋಗುವ ವಸ್ತುಗಳಲ್ಲಿ ಓ.ಆರ್.ಎಸ್. ಪೊಟ್ಟಣವೂ ಒಂದು. ಜೀವಜಲವೆಂದು ಜನ ಕರೆಯುವ ಈ ಪುಡಿಯ ಬೆಲೆ ಅಲ್ಪ; ಅದರ ಉಪಕಾರ ಅಪಾರ. ಆದರೆ ಪೊಟ್ಟಣದ ಬೆನ್ನಿನ ಮೇಲೆ ಸಣ್ಣ ಅಕ್ಷರದಲ್ಲಿ ಮುದ್ರಿಸಿರುವ ಒಂದು ಸಾಲನ್ನು ಕೊಂಡವರಲ್ಲಿ ಎಷ್ಟು ಮಂದಿ ಓದುತ್ತಾರೆಂಬುದು ಸಂದೇಹ. ಪೂರ್ತಿ ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಬೇಕೆಂಬುದೇ ಆ ಸಾಲು. ಅದನ್ನು ಓದದೆ ಪುಡಿಯನ್ನು ಒಂದು ಲೋಟ ನೀರಿಗೆ ಸುರಿದು, ಚೆನ್ನಾಗಿ ಕದಡಿ, ಸೊರಗಿದ ಮಗುವಿಗೆ ಅಕ್ಕರೆಯಿಂದ ಕುಡಿಸುವವರುಂಟು. ಗಟ್ಟಿಯಾಗಿದ್ದರೆ ಬೇಗ ಗುಣವಾದೀತೆಂಬುದು ಅವರ ಭಾವನೆ. ಅಕ್ಕರೆಯಲ್ಲಿ ಕೊರತೆಯಿಲ್ಲ, ಕೊರತೆಯಿರುವುದು ಲೆಕ್ಕದಲ್ಲಿ. ಆ ಲೆಕ್ಕವನ್ನು ನಮ್ಮ ಮಕ್ಕಳು ಪ್ರೌಢಶಾಲೆಯ ರಸಾಯನಶಾಸ್ತ್ರದ ಪಾಠದಲ್ಲಿ ಕಲಿಯುತ್ತಾರೆ, ಪರೀಕ್ಷೆ ಬರೆಯುತ್ತಾರೆ, ಅಂಕ ಪಡೆದು ಮರೆತುಬಿಡುತ್ತಾರೆ. ಪಾಠದ ಹೆಸರು ದ್ರಾವಣಗಳ ಸಾರತೆ.

ಕರಗುವ ವಸ್ತು ದ್ರಾವ್ಯ, ಕರಗಿಸಿಕೊಳ್ಳುವುದು ದ್ರಾವಕ, ಎರಡೂ ಸೇರಿದ್ದು ದ್ರಾವಣ. ರಾಮನವಮಿಯ ಪಾನಕದಲ್ಲಿ ಬೆಲ್ಲ ದ್ರಾವ್ಯ, ನೀರು ದ್ರಾವಕ. ಒಂದು ಅಚ್ಚು ಬೆಲ್ಲವನ್ನು ತಂಬಿಗೆ ನೀರಿಗೆ ಹಾಕಿದರೂ ಕೊಳಗ ನೀರಿಗೆ ಹಾಕಿದರೂ ಬೆಲ್ಲದ ಮೊತ್ತ ಅಷ್ಟೇ; ಬದಲಾಗುವುದು ನಿಗದಿತ ಅಳತೆಯ ಪಾನಕದಲ್ಲಿ ಎಷ್ಟು ಬೆಲ್ಲವಿದೆ ಎಂಬ ಸಂಗತಿ. ಅದೇ ಸಾರತೆ. ಮೊತ್ತ ಬೇರೆ, ಸಾರತೆ ಬೇರೆ. ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ; ಗೃಹಸ್ಥರು ಎಡವುವುದೂ ಇಲ್ಲಿಯೇ. ಕೆಲವರು ಇದನ್ನೇ ಸಾಂದ್ರತೆ ಎನ್ನುವುದುಂಟು. ಆದರೆ ಒಂದು ವಸ್ತುವಿನ ರಾಶಿಗೂ ಗಾತ್ರಕ್ಕೂ ಇರುವ ಅನುಪಾತಕ್ಕೆ ಆ ಮಾತು ಮೀಸಲಾಗಿರುವುದರಿಂದ ಇಲ್ಲಿ ಸಾರತೆ ಎಂದೇ ಬಳಸುವುದು ಒಳಿತು.

ಸಾರತೆಯನ್ನು ಹೇಳುವ ಅತ್ಯಂತ ಸುಲಭದ ರೀತಿ ಶೇಕಡ. ನೂರು ಮಿಲಿಲೀಟರ್ ದ್ರಾವಣದಲ್ಲಿ ಎಷ್ಟು ಗ್ರಾಂ ದ್ರಾವ್ಯವಿದೆಯೋ ಅಷ್ಟು ಶೇಕಡ. ಓ.ಆರ್.ಎಸ್. ದೊಡ್ಡ ಪೊಟ್ಟಣದಲ್ಲಿ 20.5 ಗ್ರಾಂ ಲವಣ ಮತ್ತು ಗ್ಲುಕೋಸ್ ಇರುತ್ತದೆ. ಅದನ್ನು 1000 ಮಿಲಿಲೀಟರಿನಲ್ಲಿ ಕರಗಿಸಿದರೆ ನೂರಕ್ಕೆ 2.05 ಗ್ರಾಂ, ಅಂದರೆ ಸುಮಾರು ಶೇಕಡ 2ರ ದ್ರಾವಣ. ಇಷ್ಟನ್ನು ಏಳನೆಯ ತರಗತಿಯ ಮಗುವೂ ಮಾಡಬಲ್ಲದು.

ಆದರೆ ದೇಹಕ್ಕೆ ಗ್ರಾಂ ಲೆಕ್ಕ ಸಾಲದು. ಒಂದು ಸೇರು ಸಾಸಿವೆಯಲ್ಲಿರುವ ಕಾಳುಗಳ ಸಂಖ್ಯೆಗೂ ಒಂದು ಸೇರು ಅವರೆಯಲ್ಲಿರುವ ಕಾಳುಗಳ ಸಂಖ್ಯೆಗೂ ಅಜಗಜಾಂತರ. ಹಾಗೆಯೇ ಒಂದು ಗ್ರಾಂ ಉಪ್ಪಿನಲ್ಲಿರುವ ಕಣಗಳಿಗಿಂತ ಒಂದು ಗ್ರಾಂ ಸಕ್ಕರೆಯಲ್ಲಿರುವ ಕಣಗಳು ಬಹಳ ಕಡಮೆ. ಕರುಳಿನ ಪೊರೆ, ರಕ್ತಕಣದ ಪೊರೆ, ಮಿದುಳಿನ ಜೀವಕೋಶ, ಇವೆಲ್ಲ ಸ್ಪಂದಿಸುವುದು ತೂಕಕ್ಕಲ್ಲ, ಕಣಗಳ ಸಂಖ್ಯೆಗೆ. ಹೆಚ್ಚಿದ ಮಾವಿನಕಾಯಿಗೆ ಉಪ್ಪು ಬೆರೆಸಿ ಜಾಡಿಯಲ್ಲಿಟ್ಟರೆ ಮರುದಿನ ನೀರು ಬಿಟ್ಟುಕೊಂಡಿರುವುದನ್ನು ನಮ್ಮ ತಾಯಂದಿರು ಬಲ್ಲರು. ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಯಿಟ್ಟರೆ ಉಬ್ಬುವುದನ್ನೂ ಬಲ್ಲರು. ಕಣಗಳು ಕಡಮೆಯಿರುವ ಕಡೆಯಿಂದ ಹೆಚ್ಚಿರುವ ಕಡೆಗೆ ಪೊರೆಯ ಮೂಲಕ ನೀರು ಸಾಗುತ್ತದೆ. ಶಾಸ್ತ್ರದಲ್ಲಿ ಇದಕ್ಕೆ ಅಭಿಸರಣೆ ಎಂದು ಹೆಸರು.

ಕಣಗಳನ್ನು ಎಣಿಸಲು ರಸಾಯನಶಾಸ್ತ್ರ ಕಂಡುಕೊಂಡ ಅಳತೆ ಮೋಲ್. ಡಜನ್ ಎಂದರೆ 12 ಆದಂತೆ ಮೋಲ್ ಎಂದರೆ 6.022 × 10²³ ಕಣಗಳು. ಒಂದು ಮೋಲ್ ಅಡಿಗೆ ಉಪ್ಪಿನ ತೂಕ 58.5 ಗ್ರಾಂ, ಗ್ಲುಕೋಸಿನದು 180 ಗ್ರಾಂ, ನಮ್ಮ ಸಾಮಾನ್ಯ ಸಕ್ಕರೆಯದು 342 ಗ್ರಾಂ. ಇರುವ ಗ್ರಾಂಗಳನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಮೋಲ್ ದೊರೆಯುತ್ತದೆ. ಮೋಲನ್ನು ದ್ರಾವಣದ ಲೀಟರಿನಿಂದ ಭಾಗಿಸಿದರೆ ಮೋಲಾರತೆ. ದೇಹದ ದ್ರವಗಳಲ್ಲಿ ಈ ಪ್ರಮಾಣ ಬಹು ಸಣ್ಣದಾದ್ದರಿಂದ ವೈದ್ಯರು ಮೋಲಿನ ಸಾವಿರದಲ್ಲೊಂದು ಭಾಗವಾದ ಮಿಲಿಮೋಲನ್ನು ಬಳಸುತ್ತಾರೆ.

ಈಗ ಪೊಟ್ಟಣವನ್ನು ತಿರುಗಿಸಿ ಓದಬಹುದು. ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ, ಗ್ಲುಕೋಸ್ 13.5 ಗ್ರಾಂ. ಕೂಡಿದರೆ 20.5. ಗ್ಲುಕೋಸಿನ 13.5ನ್ನು 180ರಿಂದ ಭಾಗಿಸಿದರೆ 0.075 ಮೋಲ್, ಅಂದರೆ 75 ಮಿಲಿಮೋಲ್. ಉಪ್ಪಿನ 2.6ನ್ನು 58.5ರಿಂದ ಭಾಗಿಸಿದರೆ ಸುಮಾರು 44 ಮಿಲಿಮೋಲ್ ಸೋಡಿಯಂ. ಸಿಟ್ರೇಟಿನ ಒಂದು ಮೋಲ್ 294 ಗ್ರಾಂ. ಅದರ ಒಂದೊಂದು ಅಣುವಿನಲ್ಲಿ ಮೂರು ಸೋಡಿಯಂಗಳಿರುವುದರಿಂದ 2.9 ಗ್ರಾಮಿನಿಂದ ಬರುವುದು ಸುಮಾರು 30 ಮಿಲಿಮೋಲ್. ಎರಡನ್ನೂ ಸೇರಿಸಿದರೆ ಸೋಡಿಯಂ ಸಹ ಹೆಚ್ಚುಕಡಮೆ 75. ಗ್ಲುಕೋಸ್ 75, ಸೋಡಿಯಂ 75. ಜೊತೆಗೆ ಕ್ಲೋರೈಡ್ 65, ಪೊಟ್ಯಾಸಿಯಂ 20, ಸಿಟ್ರೇಟ್ 10, ಒಟ್ಟು 245. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಅಂಗೀಕರಿಸಿದ ಸೂತ್ರ ಇದು. ಅದಕ್ಕೂ ಮೊದಲಿನ ಸೂತ್ರದಲ್ಲಿ ಸೋಡಿಯಂ 90, ಗ್ಲುಕೋಸ್ 111, ಒಟ್ಟು ಕಣಗಳ ಲೆಕ್ಕ 311 ಇತ್ತು. ತುಸು ತೆಳುವಾದ ದ್ರಾವಣದಿಂದ ಮಕ್ಕಳ ಭೇದಿಯ ಪ್ರಮಾಣವೂ ವಾಂತಿಯೂ ತಗ್ಗುವುದೆಂದು ತಿಳಿದ ಮೇಲೆ ಸಂಖ್ಯೆಗಳನ್ನು ಇಳಿಸಲಾಯಿತು. ಗಟ್ಟಿಯಾದಷ್ಟೂ ಗುಣ ಹೆಚ್ಚೆಂಬ ಭಾವನೆಗೆ ಶಾಸ್ತ್ರ ಇಟ್ಟ ಹೆಜ್ಜೆ ತದ್ವಿರುದ್ಧ ದಿಕ್ಕಿನದು.

ಸೋಡಿಯಮ್ಮೂ ಗ್ಲುಕೋಸೂ ಸರಿಸಮವಾಗಿರುವುದು ಆಕಸ್ಮಿಕವಲ್ಲ. ಸಣ್ಣಕರುಳಿನ ಗೋಡೆಯಲ್ಲಿ ಎರಡೂ ಜೊತೆಯಾಗಿ ಬಂದರೆ ಮಾತ್ರ ತೆರೆಯುವ ಬಾಗಿಲುಗಳುಂಟು. ಅವು ಒಳಹೋದೆಡೆಗೆ ನೀರು ಹಿಂಬಾಲಿಸುತ್ತದೆ. ಕಾಲರಾದಂಥ ಉಗ್ರ ಭೇದಿಯಲ್ಲಿಯೂ ಈ ಬಾಗಿಲುಗಳು ಕೆಡುವುದಿಲ್ಲ. ಬರಿಯ ನೀರು ಕುಡಿಸಿದರೆ ಅದು ಹೊರಗೆ ಹರಿದುಹೋಗುತ್ತದೆ. ಉಪ್ಪುಸಕ್ಕರೆಯ ಹದವಾದ ದ್ರಾವಣ ಒಳಗೆ ನಿಲ್ಲುತ್ತದೆ. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಈ ಜೋಡಿ ಸಾಗಣೆಯನ್ನು ವಿವರಿಸಿದರು. ಅದಕ್ಕೂ ಮೊದಲೇ, 1953ರಲ್ಲಿ, ಕಲ್ಕತ್ತೆಯ ಡಾ. ಹೇಮೇಂದ್ರನಾಥ ಚಟರ್ಜಿಯವರು ಕಾಲರಾ ರೋಗಿಗಳಿಗೆ ಉಪ್ಪು ಮತ್ತು ಗ್ಲುಕೋಸಿನ ನೀರನ್ನು ಬಾಯಿಯ ಮೂಲಕವೇ ಕೊಟ್ಟು, 186 ರೋಗಿಗಳ ವಿವರವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಆಗ ಅದಕ್ಕೆ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲ.

ಮನ್ನಣೆ ಬಂದದ್ದು 1971ರ ಬವಣೆಯಲ್ಲಿ. ಬಾಂಗ್ಲಾ ವಿಮೋಚನೆಯ ಆ ವರ್ಷ ಗಡಿ ದಾಟಿ ಬಂದ ನಿರಾಶ್ರಿತರ ನಡುವೆ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂದಿತ್ತು, ಕೊಡಬಲ್ಲ ತರಬೇತಿ ಪಡೆದವರೂ ಕಡಮೆ. ಡಾ. ದಿಲೀಪ್ ಮಹಲನಬಿಸ್ ಮತ್ತು ಅವರ ಸಂಗಡಿಗರು ಲೀಟರಿಗೆ 22 ಗ್ರಾಂ ಗ್ಲುಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡಿಗೆ ಸೋಡದ ಲೆಕ್ಕದಲ್ಲಿ ಪುಡಿಯನ್ನು ತೂಗಿ, ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ಇಸ್ತ್ರಿಪೆಟ್ಟಿಗೆಯಿಂದ ಬಾಯಿ ಬೆಸೆದು ಶಿಬಿರಕ್ಕೆ ಸಾಗಿಸಿದರು. ನಲ್ಲಿಯಿರುವ ಡ್ರಮ್ಮುಗಳಲ್ಲಿ ಕಲಸಿದ ದ್ರಾವಣವನ್ನು ರೋಗಿಗಳ ಬಂಧುಗಳೇ ಲೋಟಗಳಲ್ಲಿ ಹಿಡಿದು ಕುಡಿಸಿದರು. ಶೇಕಡ 30ರ ಆಸುಪಾಸಿನಲ್ಲಿದ್ದ ಮರಣ ಪ್ರಮಾಣ ಶೇಕಡ 3.6ಕ್ಕೆ ಇಳಿಯಿತು. ಆಸಕ್ತ ವಿದ್ಯಾರ್ಥಿಗಳು ಆ ಚೀಲದ ಲೆಕ್ಕವನ್ನೂ ಮಾಡಿನೋಡಬಹುದು: ಉಪ್ಪಿನಿಂದ 60, ಸೋಡದಿಂದ 30, ಕೂಡಿ ಸೋಡಿಯಂ 90 ಮಿಲಿಮೋಲ್. ಸರ್ಕಾರ ಅವರಿಗೆ ಪದ್ಮವಿಭೂಷಣ ನೀಡಿದ್ದು 2023ರಲ್ಲಿ. ಅವರು ತೀರಿಕೊಂಡದ್ದು ಅದರ ಹಿಂದಿನ ವರ್ಷ. ನಮ್ಮ ನಾಡಿನಲ್ಲಿ ಗೌರವಗಳು ಹಲವೊಮ್ಮೆ ಹೀಗೆಯೇ ತಡವಾಗಿ ಬರುತ್ತವೆ.

ಬನಗಾಂವ್‌ನ ಆ ಬಂಧುಗಳಿಗೆ ಕಲಸಿದ ದ್ರಾವಣ ಸಿದ್ಧವಾಗಿ ಕೈಗೆ ಬಂದಿತ್ತು. ನಮ್ಮ ಮನೆಗಳಲ್ಲಿ ಕಲಸುವವರೂ ನಾವೇ. ಲೋಟದ ಪ್ರಸಂಗಕ್ಕೆ ಮರಳೋಣ. ಲೀಟರಿಗೆ ಹಾಕಬೇಕಾದ ಪುಡಿಯನ್ನು 200 ಮಿಲಿಲೀಟರಿನ ಲೋಟಕ್ಕೆ ಹಾಕಿದರೆ ನೀರು ಐದನೆಯ ಒಂದು ಭಾಗ, ಆದ್ದರಿಂದ ಸಾರತೆ ಐದು ಪಟ್ಟು. ಸೋಡಿಯಂ 75 ಇರಬೇಕಾದಲ್ಲಿ 375. ಒಟ್ಟು ಕಣಗಳು 245 ಇರಬೇಕಾದಲ್ಲಿ 1225. ಆರೋಗ್ಯವಂತರ ರಕ್ತದಲ್ಲಿ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್ ಮಾತ್ರ. ಈ ಗಟ್ಟಿ ದ್ರಾವಣ ಕರುಳಿಗಿಳಿದಾಗ ಉಪ್ಪು ಹಾಕಿದ ಮಾವಿನಕಾಯಿಗೆ ಆದದ್ದೇ ಆಗುತ್ತದೆ. ದೇಹದ ನೀರು ಕರುಳಿನೊಳಕ್ಕೆ ಸೆಳೆಯಲ್ಪಟ್ಟು ಭೇದಿ ಹೆಚ್ಚುತ್ತದೆ, ರಕ್ತದಲ್ಲಿ ಸೋಡಿಯಂ ಏರುತ್ತದೆ, ಮಿದುಳಿನ ಜೀವಕೋಶಗಳಿಂದ ನೀರು ಹೊರಬೀಳುತ್ತದೆ. ಮಗುವಿಗೆ ಬಾಯಾರಿಕೆ, ಚಡಪಡಿಕೆ, ಕೊನೆಗೆ ಫಿಟ್ಸ್ ಸಹ ಬರಬಹುದು. ಔಷಧವೇ ರೋಗವನ್ನು ಬೆಳೆಸಿದಂತಾಯಿತು. ಶಿಶುಗಳ ವಿಷಯದಲ್ಲಿ ಇದು ಪ್ರಾಣಾಪಾಯದ ಮಾತು.

ಇದಕ್ಕೆ ಮಾರುಕಟ್ಟೆಯ ಪಾತ್ರವೂ ಉಂಟು. ಒಂದು ಲೀಟರಿನ ದೊಡ್ಡ ಪೊಟ್ಟಣದ ಜೊತೆಗೆ 200 ಮಿಲಿಲೀಟರಿನ ಸಣ್ಣ ಪೊಟ್ಟಣವೂ ಮಾರಾಟದಲ್ಲಿದೆ. ಅದರಲ್ಲಿ ನಾಲ್ಕು ಗ್ರಾಮಿಗೆ ತುಸು ಮೇಲ್ಪಟ್ಟು ಪುಡಿಯಿರುತ್ತದೆ. ಕಳೆದ ಸಲ ಸಣ್ಣದನ್ನು ಲೋಟಕ್ಕೆ ಕಲಸಿ ಅಭ್ಯಾಸವಾದವರು ಈ ಸಲ ದೊಡ್ಡದನ್ನೂ ಲೋಟಕ್ಕೇ ಸುರಿಯುತ್ತಾರೆ. ಸಣ್ಣದನ್ನು ಲೀಟರಿಗೆ ಕಲಸಿದರೆ ತಪ್ಪು ಇನ್ನೊಂದು ಬದಿಗೆ: ಸೋಡಿಯಂ ಬರೇ 15, ಬರಿಯ ನೀರಿಗಿಂತ ಹೆಚ್ಚೇನೂ ಅಲ್ಲ.

ಪುಡಿಯ ಅರ್ಧವನ್ನು ಈಗ, ಉಳಿದರ್ಧವನ್ನು ನಾಳೆಗೆ ಎಂದು ಭಾಗ ಮಾಡುವುದೂ ಸರಿಯಲ್ಲ. ನಾಲ್ಕು ಬಗೆಯ ಹರಳುಗಳು ಪೊಟ್ಟಣದೊಳಗೆ ಎಲ್ಲೆಡೆ ಒಂದೇ ಪ್ರಮಾಣದಲ್ಲಿ ಹರಡಿರುತ್ತವೆಂಬ ಖಾತರಿಯಿಲ್ಲ. ತೆರೆದ ಪುಡಿ ತೇವವನ್ನೂ ಹೀರುತ್ತದೆ. ನೀರನ್ನು ಕುದಿಸಿ ಆರಿಸಿದ ಮೇಲೆ ಪುಡಿ ಬೆರೆಸಬೇಕೇ ಹೊರತು, ಬೆರೆಸಿದ ಮೇಲೆ ಕುದಿಸಬಾರದು: ನೀರು ಆವಿಯಾಗಿ ಲವಣ ಅಲ್ಲಿಯೇ ಉಳಿದು ಸಾರತೆ ಏರುತ್ತದೆ. ಒಮ್ಮೆ ಕಲಸಿದ್ದನ್ನು ಇಪ್ಪತ್ನಾಲ್ಕು ಗಂಟೆಗಳಲ್ಲಿ ಮುಗಿಸಬೇಕು, ಮಿಕ್ಕಿದ್ದನ್ನು ಚೆಲ್ಲಬೇಕು. ತಪ್ಪಾಗಿ ಗಟ್ಟಿ ಕಲಸಿದ್ದು ಕುಡಿಸುವ ಮೊದಲೇ ತಿಳಿದರೆ ಇನ್ನೂ 800 ಮಿಲಿಲೀಟರ್ ನೀರು ಸೇರಿಸಿದರಾಯಿತು. ಸಾರತೆಯನ್ನು ಗಾತ್ರದಿಂದ ಗುಣಿಸಿದ ಮೊತ್ತ ತೆಳುಮಾಡುವ ಮೊದಲೂ ಅನಂತರವೂ ಒಂದೇ ಎಂಬ ತರಗತಿಯ ಸೂತ್ರ ಇದೇ. ಲೋಟದಿಂದ ಒಂದಷ್ಟು ಖರ್ಚಾಗಿದ್ದರೆ ಮಾತ್ರ ಲೆಕ್ಕಕ್ಕೆ ಕೂರದೆ ಅದನ್ನು ಚೆಲ್ಲಿ ಹೊಸ ಪೊಟ್ಟಣ ಒಡೆಯುವುದೇ ಕ್ಷೇಮ.

ಇನ್ನು ಲೀಟರನ್ನು ಅಳೆಯುವುದು ಹೇಗೆ? ಅಂಗಡಿಯಲ್ಲಿ ಸಿಗುವ ಒಂದು ಲೀಟರಿನ ನೀರಿನ ಬಾಟಲಿ ಎಲ್ಲರ ಮನೆಯಲ್ಲೂ ಇದೆ, ಅದಕ್ಕಿಂತ ಒಳ್ಳೆಯ ಮಾಪಕ ಬೇಡ. ಕಂಠದವರೆಗೆ ನೀರು ತುಂಬಿ, ಅಗಲಬಾಯಿಯ ಶುಚಿಯಾದ ಪಾತ್ರೆಗೆ ಸುರಿದು, ಅದರಲ್ಲಿ ಪುಡಿ ಕರಗಿಸಬೇಕು. ಶಾಸ್ತ್ರದ ಕಟ್ಟುನಿಟ್ಟಿನಲ್ಲಿ ಹೇಳುವುದಾದರೆ ಮೋಲಾರತೆಗೆ ಬೇಕಾದದ್ದು ಒಂದು ಲೀಟರ್ ದ್ರಾವಣ, ಒಂದು ಲೀಟರ್ ನೀರಲ್ಲ. ಆದರೆ 20 ಗ್ರಾಂ ಪುಡಿಯಿಂದ ಗಾತ್ರ ಹೆಚ್ಚುವುದು ನೂರಕ್ಕೆ ಒಂದರಷ್ಟು. ಪ್ರಯೋಗಶಾಲೆಯಲ್ಲಿ ಅಂಕ ಕಳೆಯಬಹುದು, ಅಡಿಗೆಮನೆಯಲ್ಲಿ ಚಿಂತೆಯಿಲ್ಲ. ಪೊಟ್ಟಣ ಸಿಗದಾಗ ಲೀಟರ್ ನೀರಿಗೆ ಮಟ್ಟವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸುವ ರೂಢಿಯುಂಟು. ಅಲ್ಲಿ ಚಮಚವನ್ನು ಗೋಪುರದಂತೆ ತುಂಬಿದರೆ ಉಪ್ಪು ಸುಲಭವಾಗಿ ಇಮ್ಮಡಿಯಾಗುತ್ತದೆ. ಕಲಸಿದ ನೀರನ್ನು ತಾಯಿ ಮೊದಲು ತಾನೇ ರುಚಿ ನೋಡಲಿ. ಅದು ಕಣ್ಣೀರಿಗಿಂತ ಉಪ್ಪಾಗಿರಬಾರದು.

ಶಿವಾಜಿನಗರ, ಹಲಸೂರಿನಂಥ ಹಳೆಯ ದಂಡುಪ್ರದೇಶದ ಬಡಾವಣೆಗಳಲ್ಲಿ ಈ ಮಾತಿಗೆ ಹೆಚ್ಚಿನ ಅರ್ಥವಿದೆ. ಒತ್ತೊತ್ತಾದ ಓಣಿಗಳಲ್ಲಿ ಕುಡಿಯುವ ನೀರಿನ ಕೊಳವೆಯೂ ಒಳಚರಂಡಿಯ ಕೊಳವೆಯೂ ನೆರೆಹೊರೆಯಾಗಿ ಸಾಗುತ್ತವೆ. ನೀರು ಬಿಡದ ದಿನ ಕೊಳವೆಯೊಳಗೆ ಒತ್ತಡವಿರುವುದಿಲ್ಲ. ಎಲ್ಲಾದರೂ ಸಣ್ಣ ಬಿರುಕಿದ್ದರೆ ಹೊರಗಿನ ಕೊಳೆ ಒಳಸೇರುತ್ತದೆ, ಮರುದಿನ ನೀರು ಬಿಟ್ಟಾಗ ಮೊದಲು ಬರುವುದು ಅದೇ. ವಾಸನೆ ಅಥವಾ ಬಣ್ಣ ಕಂಡರೆ ಆ ನೀರನ್ನು ಹಿಡಿಯಬಾರದು. ಕಾಣದಿದ್ದರೂ ಕುದಿಸದೆ ಕುಡಿಯಬಾರದು.

ಭೇದಿ ಮಿತಿಮೀರಿ ಆಸ್ಪತ್ರೆ ಸೇರಿದಾಗ ತೂಗುಹಾಕುವ ಸಲೈನ್ ಬಾಟಲಿಯ ಮೇಲೆ 0.9% ಎಂದಿರುತ್ತದೆ. ಲೀಟರಿಗೆ 9 ಗ್ರಾಂ ಉಪ್ಪು, 58.5ರಿಂದ ಭಾಗಿಸಿದರೆ 154 ಮಿಲಿಮೋಲ್ ಸೋಡಿಯಂ, ಅಷ್ಟೇ ಕ್ಲೋರೈಡ್, ಕೂಡಿ 308; ಇದು ರಕ್ತದ ಸಾರತೆಗೆ ಬಹು ಸಮೀಪ. ಬರಿಯ ಶುದ್ಧ ನೀರನ್ನು ರಕ್ತನಾಳಕ್ಕೆ ಹರಿಸಿದರೆ ಕೆಂಪು ರಕ್ತಕಣಗಳು ಒಣದ್ರಾಕ್ಷಿಯಂತೆ ಉಬ್ಬಿ ಒಡೆಯುತ್ತವೆ. 1832ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲ್ಯಾಟಾ ಎಂಬ ವೈದ್ಯ ಕಾಲರಾ ರೋಗಿಗಳಿಗೆ ಮೊದಲ ಬಾರಿಗೆ ಲವಣದ ನೀರನ್ನು ರಕ್ತನಾಳದ ಮೂಲಕ ಕೊಟ್ಟಾಗ ಈ ಸಂಖ್ಯೆ ಇನ್ನೂ ಯಾರಿಗೂ ತಿಳಿದಿರಲಿಲ್ಲ.

ಬಣ್ಣದ ಪಾನೀಯಗಳ ಬಗ್ಗೆ ಒಂದು ಮಾತು. ಓ.ಆರ್.ಎಸ್. ಎಂಬ ಅಕ್ಷರಗಳನ್ನು ಹೆಸರಿನಲ್ಲಿ ಸೇರಿಸಿಕೊಂಡ ಸಿಹಿ ಪಾನೀಯಗಳು ಬಹುಕಾಲ ಔಷಧದ ಅಂಗಡಿಗಳಲ್ಲಿಯೇ ರಾರಾಜಿಸಿದವು. 2025ರ ಅಕ್ಟೋಬರಿನಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಇಂಥ ಪಾನೀಯಗಳು ಆ ಹೆಸರನ್ನು ಬಳಸಕೂಡದೆಂದು ಆದೇಶಿಸಿತು. ತಡವಾದರೂ ಯೋಗ್ಯ ಆದೇಶ. ಸಾಮಾನ್ಯ ತಂಪುಪಾನೀಯದಲ್ಲಿ ನೂರು ಮಿಲಿಲೀಟರಿಗೆ ಹತ್ತು ಗ್ರಾಂ ಆಸುಪಾಸು ಸಕ್ಕರೆ. ಲೀಟರಿಗೆ ನೂರು ಗ್ರಾಂ. ಜೀವಜಲದ ಗ್ಲುಕೋಸ್ 13.5 ಗ್ರಾಂ ಎಂಬುದನ್ನು ನೆನೆದರೆ ಉಳಿದದ್ದನ್ನು ಓದುಗರೇ ಊಹಿಸಬಹುದು. ಭೇದಿಯಾದ ಮಗುವಿಗೆ ಅದು ಸಲ್ಲದು.

ಹಾಗೆಂದು ಜೀವಜಲವೂ ಬೇಸಿಗೆಯ ಶರಬತ್ತಲ್ಲ. ಒಂದು ಲೀಟರಿನಲ್ಲಿರುವ 75 ಮಿಲಿಮೋಲ್ ಸೋಡಿಯಂ ಸುಮಾರು 4.4 ಗ್ರಾಂ ಉಪ್ಪಿಗೆ ಸಮ. ವಯಸ್ಕರು ದಿನಕ್ಕೆ ಸೇವಿಸಬಹುದಾದ ಉಪ್ಪು 5 ಗ್ರಾಮಿಗಿಂತ ಕಡಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಕ್ತದೊತ್ತಡ, ಮೂತ್ರಪಿಂಡ ಅಥವಾ ಹೃದಯದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಇದನ್ನು ಕುಡಿಯುತ್ತ ಹೋಗಬಾರದು. ಜಾತ್ರೆ, ಪಾದಯಾತ್ರೆಗಳಲ್ಲಿ ದಾಸೋಹದ ಸೇವೆಗೆ ನಿಲ್ಲುವ ತರುಣರು ಬಿಸಿಲಿಗೆ ಬಳಲಿ ಬಂದ ಭಕ್ತರಿಗೆ ಮಜ್ಜಿಗೆ, ನೀರು ಕೊಟ್ಟರೆ ಸಾಕು. ವಾಂತಿಭೇದಿಯಾದವರಿಗಾಗಿ ಇಪ್ಪತ್ತು ಲೀಟರಿನ ಕ್ಯಾನಿನಲ್ಲಿ ಜೀವಜಲ ಕಲಸುವುದಾದರೆ ದೊಡ್ಡ ಪೊಟ್ಟಣ ಇಪ್ಪತ್ತೇ. ಹದಿನೈದೂ ಅಲ್ಲ, ಧಾರಾಳವಾಗಿ ಇಪ್ಪತ್ತೈದೂ ಅಲ್ಲ. ಮಾರಯ್ಯನವರು ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಮರಳಿ ಸುರಿದು ಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ನಮ್ಮ ಭಕ್ತರಿಗೆಲ್ಲ ತಿಳಿದದ್ದೇ. ಕ್ಯಾನಿನ ಮೇಲೆ ಕಲಸಿದ ಹೊತ್ತನ್ನೂ ಬರೆದಿಡಬೇಕು.

ಸಾರತೆಯ ಲೆಕ್ಕ ತಪ್ಪಿ ಅಪಾಯ ತರುವ ಇನ್ನೆರಡು ಎಡೆಗಳನ್ನು ಸಂಕ್ಷೇಪವಾಗಿ ಹೇಳಬೇಕು. ಮಕ್ಕಳ ಜ್ವರದ ಪ್ಯಾರಾಸಿಟಮಾಲ್ ಸಿರಪ್ಪು 5 ಮಿಲಿಲೀಟರಿಗೆ 125 ಮಿಲಿಗ್ರಾಂ ಎಂದೂ 250 ಮಿಲಿಗ್ರಾಂ ಎಂದೂ ಎರಡು ಸಾರತೆಗಳಲ್ಲಿ ದೊರೆಯುತ್ತದೆ. ಹಸುಳೆಗಳ ಹನಿ ಔಷಧದಲ್ಲಿ ಒಂದೇ ಮಿಲಿಲೀಟರಿಗೆ 100 ಮಿಲಿಗ್ರಾಂ ಇರುತ್ತದೆ. ಹತ್ತು ಕಿಲೋ ತೂಕದ ಮಗುವಿಗೆ ವೈದ್ಯರು 150 ಮಿಲಿಗ್ರಾಂ ಬರೆದರೆ ಮೊದಲನೆಯದರಲ್ಲಿ 6 ಮಿಲಿಲೀಟರ್, ಎರಡನೆಯದರಲ್ಲಿ 3, ಹನಿಯಲ್ಲಿ ಒಂದೂವರೆ. ಸಿರಪ್ಪಿನ ಅಭ್ಯಾಸದಲ್ಲಿ ಹನಿ ಔಷಧವನ್ನು 6 ಮಿಲಿಲೀಟರ್ ಕುಡಿಸಿದರೆ 600 ಮಿಲಿಗ್ರಾಂ ಒಳಹೋಗಿ ಯಕೃತ್ತಿಗೆ ಕುತ್ತು ತರಬಹುದು. ಚಮಚದ ಲೆಕ್ಕವನ್ನಲ್ಲ, ಮಿಲಿಗ್ರಾಂ ಲೆಕ್ಕವನ್ನು ಕೇಳಿ ಬರೆಸಿಕೊಳ್ಳಬೇಕು. ಬಾಟಲಿ ಬದಲಾದಾಗಲೆಲ್ಲ ಚೀಟಿಯನ್ನು ಮತ್ತೆ ಓದಬೇಕು.

ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರ ವಿಷಯವೂ ಹೀಗೆಯೇ. ನಮ್ಮಲ್ಲಿ ಮಿಲಿಲೀಟರಿಗೆ 40 ಘಟಕದ ಬಾಟಲಿಯೂ 100 ಘಟಕದ್ದೂ ಎರಡೂ ಬಳಕೆಯಲ್ಲಿವೆ. 40ರದಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ರದಕ್ಕೆ ಕಿತ್ತಳೆ ಮುಚ್ಚಳದ್ದು. ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆ ಎಂದರೆ ಅರ್ಧ ಮಿಲಿಲೀಟರ್. ಅದರಿಂದ 100ರ ಬಾಟಲಿಯ ಔಷಧವನ್ನು ಅದೇ ಗೆರೆಯವರೆಗೆ ಎಳೆದರೆ ಮೈಗೆ ಸೇರುವುದು 20 ಘಟಕವಲ್ಲ, 50. ಸಕ್ಕರೆ ಪ್ರಮಾಣ ಏಕಾಏಕಿ ಕುಸಿದು ಪ್ರಜ್ಞೆ ತಪ್ಪಲು ಅಷ್ಟು ಸಾಕು. ಬಾಟಲಿ ಕೊಳ್ಳುವಾಗಲೇ ಅದಕ್ಕೆ ಹೊಂದುವ ಸಿರಿಂಜನ್ನು ಕೇಳಿ ತರಬೇಕು. ಎರಡು ಬಗೆಯವನ್ನು ಒಂದೇ ಡಬ್ಬಿಯಲ್ಲಿ ಇಡಬಾರದು.

ಭೇದಿಯಾದ ಮಗುವಿಗೆ ಎರಡು ವರ್ಷದೊಳಗಾದರೆ ಪ್ರತಿ ಭೇದಿಯ ಅನಂತರ 50ರಿಂದ 100 ಮಿಲಿಲೀಟರ್, ಎರಡರಿಂದ ಹತ್ತು ವರ್ಷದವರಿಗೆ 100ರಿಂದ 200 ಮಿಲಿಲೀಟರ್ ಜೀವಜಲವನ್ನು ಗುಟುಕು ಗುಟುಕಾಗಿ ಕೊಡಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು ಇನ್ನೂ ನಿಧಾನವಾಗಿ ಮುಂದುವರಿಸಬೇಕು. ಎದೆಹಾಲು ನಿಲ್ಲಿಸಬಾರದು, ಊಟ ಬಿಡಿಸಬಾರದು. ಆರು ತಿಂಗಳು ದಾಟಿದ ಮಕ್ಕಳಿಗೆ ದಿನಕ್ಕೆ 20 ಮಿಲಿಗ್ರಾಮಿನಂತೆ ಹದಿನಾಲ್ಕು ದಿನ ಸತುವಿನ ಮಾತ್ರೆಯನ್ನೂ ಕೊಡಲಾಗುತ್ತದೆ. ಅಂಗನವಾಡಿ ಇಲ್ಲವೆ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು. ಕಣ್ಣು ಗುಳಿಬಿದ್ದು, ಮಗು ಮಂಕಾಗಿ ಕುಡಿಯಲಾರದೆ ಹೋದರೆ, ಆರು ಗಂಟೆಯಾದರೂ ಮೂತ್ರವಾಗದಿದ್ದರೆ, ಮಲದಲ್ಲಿ ರಕ್ತ ಕಂಡರೆ ಮನೆಯಲ್ಲಿ ಕಾಯುತ್ತ ಕೂರಬಾರದು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿಯೂ, ಮಗು ನುಂಗಬಲ್ಲುದಾದರೆ, ಗುಟುಕು ಕೊಡುತ್ತಲೇ ಇರಬೇಕು. ಖಾಲಿ ಪೊಟ್ಟಣವನ್ನು ಎಸೆಯದೆ ಜೊತೆಗೊಯ್ದು, ಎಷ್ಟು ನೀರಿಗೆ ಬೆರೆಸಿದಿರೆಂಬುದನ್ನು ವೈದ್ಯರಿಗೆ ತಿಳಿಸಬೇಕು.